ಐದು ‘ಎ’ ಕಳೆದುಕೊಂಡ ವಾಡೆ: ಚೀನಾದ ಚಿಯಾವ್ ಮನೆತನದ ಪ್ರಕರಣ

2019ರ ಜುಲೈ 31ರಂದು ಚೀನಾದ ಸಂಸ್ಕೃತಿ ಮತ್ತು ಪ್ರವಾಸೋದ್ಯಮ ಸಚಿವಾಲಯ ಒಂದು ಪ್ರಕಟಣೆ ಹೊರಡಿಸಿತು. ಶಾನ್‌ಶೀ ಪ್ರಾಂತ್ಯದ ಚೀ ಕೌಂಟಿಯಲ್ಲಿರುವ ಚಿಯಾವ್ ಮನೆತನದ ವಾಡೆಗೆ ಕೊಟ್ಟಿದ್ದ 5ಎ ದರ್ಜೆಯನ್ನು ರದ್ದು ಮಾಡಲಾಗಿತ್ತು. 5ಎ ಎಂಬುದು ಪ್ರವಾಸಿ ತಾಣಗಳಿಗೆ ಆ ದೇಶ ಕೊಡುವ ಅತ್ಯುನ್ನತ ದರ್ಜೆ. ಕೌಂಟಿ ಎಂದರೆ ಹೆಚ್ಚುಕಡಿಮೆ ನಮ್ಮ ತಾಲ್ಲೂಕು. ಅದೇ ಪ್ರಕಟಣೆಯಲ್ಲಿ ಇನ್ನೂ ಆರು ತಾಣಗಳಿಗೆ ಎಚ್ಚರಿಕೆ ಕೊಟ್ಟು, ಗಡುವಿನೊಳಗೆ ತಪ್ಪು ತಿದ್ದಿಕೊಳ್ಳುವಂತೆ ಹೇಳಲಾಗಿತ್ತು. ವಿಶ್ವ ಪರಂಪರೆಯ ಪಟ್ಟಿಯಲ್ಲಿರುವ ಎಮೆಯ್ ಪರ್ವತವೂ ಕುನ್‌ಮಿಂಗ್ ಬಳಿಯ ಪ್ರಸಿದ್ಧ ಶಿಲಾವನವೂ ಆ ಆರರಲ್ಲಿದ್ದವು.

ಆಗಸ್ಟ್ ಮೊದಲ ವಾರ ವಾಡೆಯ ಬಾಗಿಲು ಮುಚ್ಚಿತು. ಶಾಲೆಗಳಿಗೆ ಬೇಸಿಗೆ ರಜೆ, ವರ್ಷದ ದುಡಿಮೆಯ ದಿನಗಳು. ಕೆಲವು ದಿನಗಳ ದುರಸ್ತಿ ಕೆಲಸದ ನಂತರ ಮತ್ತೆ ತೆರೆಯಿತು. ದರ್ಜೆ ಮರಳಿದ್ದು ಮಾತ್ರ 2021ರ ಡಿಸೆಂಬರ್‌ನಲ್ಲಿ.

ಸರ್ಕಾರವೇ ಅಂಕ ಹಾಕಿ ಒಂದು ತಾಣಕ್ಕೆ ದರ್ಜೆ ಕೊಟ್ಟರೆ ಸುತ್ತಲಿನ ಊರಿನ ಆರ್ಥಿಕತೆ ಏನಾಗುತ್ತದೆ, ಕಿತ್ತುಕೊಂಡರೆ ಏನಾಗುತ್ತದೆ ಎಂದು ತಿಳಿಯಲು ಇಷ್ಟು ಸ್ಪಷ್ಟವಾದ ಪ್ರಕರಣ ಸಿಗುವುದು ಅಪರೂಪ. ಪಡೆದದ್ದು, ಕಳೆದುಕೊಂಡದ್ದು, ಮರಳಿ ಪಡೆದದ್ದು ಮೂರೂ ಏಳೆಂಟು ವರ್ಷಗಳೊಳಗೆ ಒಂದೇ ಹಳ್ಳಿಯಲ್ಲಿ ನಡೆದಿವೆ. ಕರ್ನಾಟಕದ ಕಡಲತೀರಗಳಿಗೆ ಸ್ವಚ್ಛತೆ, ಸುರಕ್ಷತೆಯ ಗುರುತಾದ ಬ್ಲೂ ಫ್ಲ್ಯಾಗ್ ಧ್ವಜ, ದೇವಾಲಯಗಳಿಗೆ ಯುನೆಸ್ಕೊ ಮಾನ್ಯತೆ ಎಂದು ನಾವೂ ಓಡಾಡುತ್ತಿರುವ ಈ ಕಾಲದಲ್ಲಿ ಇದನ್ನು ನಿಧಾನವಾಗಿ ನೋಡುವುದು ಅಗತ್ಯ ಎಂಬುದು ನನ್ನ ಅನಿಸಿಕೆ.

ವಾಡೆ ಮತ್ತು ಅದರ ಊರು

ಮನೆತನದ ಮೂಲಪುರುಷ ಚಿಯಾವ್ ಗ್ವೀಫಾ ಬಡವ. ಮಹಾಗೋಡೆಯ ಆಚೆ, ಈಗಿನ ಒಳ ಮಂಗೋಲಿಯಾದ ಬಾವ್‌ತೌ ಕಡೆಗೆ ದುಡಿಯಲು ಹೋಗಿ, ದನಕುದುರೆಗಳ ಮೇವು ಮತ್ತು ಧಾನ್ಯದ ವ್ಯಾಪಾರದಿಂದ ಮೇಲೆ ಬಂದವನು. ಮೂರನೆಯ ತಲೆಮಾರಿನ ಚಿಯಾವ್ ಝಿಯೋಂಗ್ (1818–1907) ಕಾಲಕ್ಕೆ ಮನೆತನ ಹುಂಡಿ ವ್ಯವಹಾರಕ್ಕೆ ಇಳಿದಿತ್ತು. ಒಂದು ಊರಿನಲ್ಲಿ ಬೆಳ್ಳಿ ಕಟ್ಟಿ, ದೂರದ ಇನ್ನೊಂದು ಊರಿನಲ್ಲಿ ಚೀಟಿ ತೋರಿಸಿ ಹಣ ಪಡೆಯುವ ಈ ವ್ಯವಸ್ಥೆಯಲ್ಲಿ ಶಾನ್‌ಶೀ ವರ್ತಕರು ಇಡೀ ಚೀನಾಕ್ಕೆ ಹೆಸರಾಗಿದ್ದರು. ಚಿಯಾವ್ ಮನೆತನದ ದಾದೆತೋಂಗ್ ಮತ್ತು ದಾದೆಹೆಂಗ್ ಅಂಥ ದೊಡ್ಡ ಪೇಢಿಗಳು.

ವಾಡೆಯ ಮೊದಲ ಕಟ್ಟಡ 1756ರಲ್ಲಿ ಎದ್ದಿತು. ಮುಂದಿನ ತಲೆಮಾರುಗಳು ಸೇರಿಸುತ್ತಾ ಹೋದವು. ಹತ್ತು ಮೀಟರಿಗೂ ಎತ್ತರದ ಇಟ್ಟಿಗೆಯ ಹೊರಗೋಡೆ. ಒಳಗೆ 6 ದೊಡ್ಡ ಅಂಗಳ, 20 ಸಣ್ಣ ಅಂಗಳ, 313 ಕೋಣೆಗಳು. 1986ರಲ್ಲಿ ಇದನ್ನು ಕೌಂಟಿಯ ಜಾನಪದ ವಸ್ತುಸಂಗ್ರಹಾಲಯವಾಗಿ ಜನರಿಗೆ ತೆರೆದರು. 1990ರ ದಶಕದ ಆರಂಭದಲ್ಲಿ ಇಲ್ಲಿ ಚಿತ್ರೀಕರಣಗೊಂಡ ಸಿನಿಮಾವೊಂದು ವಿದೇಶಗಳಲ್ಲೂ ಹೆಸರು ಮಾಡಿತು. 2006ರಲ್ಲಿ ಈ ಮನೆತನದ ಕಥೆಯೇ ರಾಷ್ಟ್ರೀಯ ವಾಹಿನಿಯಲ್ಲಿ ಧಾರಾವಾಹಿಯಾಗಿ ಬಂದಾಗ ಚೀನಾದ ಮನೆಮನೆಗೂ ವಾಡೆಯ ಪರಿಚಯವಾಯಿತು.

ಅಂದರೆ 5ಎ ಬರುವ ಮುಂಚೆಯೇ ಹೆಸರಿತ್ತು, ಜನ ಬರುತ್ತಿದ್ದರು. ಈ ಸಂಗತಿಯನ್ನು ಮರೆಯಬಾರದು. ದರ್ಜೆ ಹೆಸರನ್ನು ಹುಟ್ಟಿಸಲಿಲ್ಲ, ಇದ್ದ ಹೆಸರಿಗೆ ಬೆಲೆ ಕಟ್ಟಿತು.

ಕೌಂಟಿಗೆ ಬೇರೆ ದುಡಿಮೆಯೂ ಇದೆ. ಗಾಜಿನ ಲೋಟ, ಬಟ್ಟಲುಗಳ ತಯಾರಿಕೆಗೆ ಇದು ಚೀನಾದಲ್ಲಿ ಹೆಸರಾದ ಜಾಗ. ಪೇರ್ ಹಣ್ಣಿನ ತೋಟಗಳೂ ಉಂಟು. ಆದರೆ ಶಾನ್‌ಶೀ ಮುಖ್ಯವಾಗಿ ಕಲ್ಲಿದ್ದಲಿನ ಪ್ರಾಂತ್ಯ. ಕಲ್ಲಿದ್ದಲಿನ ಬೆಲೆ ಬಿದ್ದಾಗಲೆಲ್ಲ ಅಲ್ಲಿನ ಸರ್ಕಾರ ಬೇರೆ ಆಸರೆ ಹುಡುಕುತ್ತದೆ, ಪ್ರವಾಸೋದ್ಯಮ ಅದರ ಕಣ್ಣಿಗೆ ಮೊದಲು ಬೀಳುತ್ತದೆ. ಹಾಗಾಗಿ 5ಎ ಫಲಕ ಇಡೀ ಪ್ರಾಂತ್ಯದ ಲೆಕ್ಕಾಚಾರಕ್ಕೆ ಬೇಕಾದ ವಸ್ತುವಾಗಿತ್ತು.

ಸಾವಿರ ಅಂಕದ ಪರೀಕ್ಷೆ

ಚೀನಾ ಈ ದರ್ಜೆ ಪದ್ಧತಿಗೆ 1999ರಲ್ಲಿ ರಾಷ್ಟ್ರೀಯ ಮಾನದಂಡ ರೂಪಿಸಿತು, 2003ರಲ್ಲಿ ಪರಿಷ್ಕರಿಸಿತು. ಒಂದು ಎ ಯಿಂದ ಐದು ಎ ವರೆಗೆ ಐದು ಮೆಟ್ಟಿಲು. ಮೊದಲ 66 ತಾಣಗಳಿಗೆ 5ಎ ಸಿಕ್ಕಿದ್ದು 2007ರಲ್ಲಿ. ಈಗ ಅವು 300ಕ್ಕೂ ಹೆಚ್ಚು.

ಚಿಯಾವ್ ವಾಡೆಯನ್ನು ಅಳೆದ 2003ರ ಮಾನದಂಡದಲ್ಲಿ ಮೂರು ಅಂಕಪಟ್ಟಿಗಳಿದ್ದವು. ಮೊದಲನೆಯದು ಸೇವೆ ಮತ್ತು ಪರಿಸರದ ಗುಣಮಟ್ಟಕ್ಕೆ, 1000 ಅಂಕ. ಎರಡನೆಯದು ತಾಣದ ಸ್ವಂತ ಮೌಲ್ಯಕ್ಕೆ, 100 ಅಂಕ. ಮೂರನೆಯದು ಪ್ರವಾಸಿಗರ ಅಭಿಪ್ರಾಯಕ್ಕೆ, 100 ಅಂಕ. 5ಎ ಬೇಕಾದರೆ ಕ್ರಮವಾಗಿ 950, 90, 90 ಬರಬೇಕು. ಇದರ ಜತೆಗೆ ವರ್ಷಕ್ಕೆ 6 ಲಕ್ಷ ಪ್ರವಾಸಿಗರು, ಅವರಲ್ಲಿ 50,000 ಮಂದಿ ದೇಶದ ಹೊರಗಿನವರು ಬರಬೇಕೆಂಬ ಷರತ್ತು.

ಆ ಸಾವಿರ ಅಂಕ ಹಂಚಿಕೆಯಾದ ಬಗೆಯಲ್ಲೇ ಈ ಪ್ರಕರಣದ ತಿರುಳಿದೆ. ತಾಣ ನೋಡುವ ಅನುಕೂಲಗಳಿಗೆ (ಫಲಕ, ಗೈಡ್, ಮಾಹಿತಿ ಕೇಂದ್ರ ಇತ್ಯಾದಿ) 235. ನಿರ್ವಹಣೆಗೆ 200. ಸಂಪನ್ಮೂಲ ಮತ್ತು ಪರಿಸರ ರಕ್ಷಣೆಗೆ 145. ನೈರ್ಮಲ್ಯಕ್ಕೆ 140. ಸಂಚಾರ ಮತ್ತು ಪಾರ್ಕಿಂಗ್‌ಗೆ 130. ಸುರಕ್ಷತೆಗೆ 80. ಖರೀದಿ ವ್ಯವಸ್ಥೆಗೆ, ಅಂದರೆ ಅಂಗಡಿ ಮುಂಗಟ್ಟುಗಳ ಶಿಸ್ತಿಗೆ, 50. ಅಂಚೆ ಮತ್ತು ದೂರಸಂಪರ್ಕಕ್ಕೆ 20.

ಕೂಡಿ ಕಳೆದು ನೋಡಿದರೆ ಒಂದು ವಿಚಿತ್ರ ಕಾಣುತ್ತದೆ. ಉಳಿದ ಎಲ್ಲದರಲ್ಲೂ ಪೂರ್ಣ ಅಂಕ ಗಿಟ್ಟಿಸಿದ ತಾಣ, ಅಂಗಡಿಗಳ ವಿಭಾಗದಲ್ಲಿ ಸೊನ್ನೆ ಪಡೆದರೂ 950ಕ್ಕೆ ಬಂದು ನಿಲ್ಲುತ್ತದೆ. ಲೆಕ್ಕದ ಪ್ರಕಾರ ಅದು ಪಾಸು. ಪ್ರವಾಸಿ ಮನೆಗೆ ಹೋಗಿ ಬೈಯುವುದು ಬಹಳ ಸಲ ಅಂಗಡಿಗಳ ಕಾಟವನ್ನೇ. ಇನ್ನೊಂದು ಕೊರತೆ ಇದಕ್ಕಿಂತ ದೊಡ್ಡದು. ಪ್ರವಾಸಿಗರಿಂದ ಹಳ್ಳಿಗೆ ಎಷ್ಟು ಆದಾಯ ಬಂತು, ಎಷ್ಟು ಮಂದಿ ರಾತ್ರಿ ಉಳಿದರು, ಟಿಕೆಟ್ ಹಣದಲ್ಲಿ ಊರಿಗೆ ಪಾಲು ಎಷ್ಟು ಎಂಬುದಕ್ಕೆ ಈ ಎಂಟು ವಿಭಾಗಗಳಲ್ಲಿ ಒಂದೂ ಇಲ್ಲ. ಪ್ರಾದೇಶಿಕ ಆರ್ಥಿಕತೆಯನ್ನು ಎತ್ತುತ್ತದೆಂದು ಎಲ್ಲರೂ ನಂಬಿರುವ ದರ್ಜೆ ಆ ಆರ್ಥಿಕತೆಯನ್ನು ಅಳೆಯುವುದೇ ಇಲ್ಲ.

ಪರೀಕ್ಷೆ ಸುಲಭದ್ದೇನಲ್ಲ. ಕೌಂಟಿಯಿಂದ ನಗರಾಡಳಿತ, ಅಲ್ಲಿಂದ ಪ್ರಾಂತ್ಯ, ಕೊನೆಗೆ ಕೇಂದ್ರ ಎಂದು ಅರ್ಜಿ ಏರಬೇಕು. ತಜ್ಞರ ಮುಂದೆ ತಾಣದ ಮೌಲ್ಯ ಸಾಬೀತಾಗಬೇಕು. ಹೇಳದೆ ಕೇಳದೆ ಪ್ರವಾಸಿಗರ ವೇಷದಲ್ಲಿ ಪರಿಶೀಲಕರು ಬರುತ್ತಾರೆ. ದರ್ಜೆ ಸಿಕ್ಕ ಮೇಲೂ ಮರುಪರಿಶೀಲನೆ ಇರುತ್ತದೆ. ಈ ತಯಾರಿಗಾಗಿಯೇ ಊರುಗಳಲ್ಲಿ ಒಳ್ಳೆಯ ಶೌಚಾಲಯ, ಗಾಲಿಕುರ್ಚಿಗೆ ದಾರಿ, ತುರ್ತು ಚಿಕಿತ್ಸೆಯ ಕೋಣೆ, ಓದಲು ಬರುವಂಥ ಫಲಕಗಳು ಬಂದಿವೆ. ಅದು ನಿಜವಾದ ಲಾಭ. ಪ್ರವಾಸಿಗೂ ಲಾಭ, ಅಲ್ಲಿ ಕೆಲಸ ಮಾಡುವವರಿಗೂ ಲಾಭ. ಈ ಪದ್ಧತಿಯನ್ನು ಬರೀ ತೋರಿಕೆ ಎಂದು ತಳ್ಳಿಹಾಕುವವರ ಮಾತನ್ನು ನಾನು ಒಪ್ಪುವುದಿಲ್ಲ.

ಫಲಕ ಬಂದ ಮೇಲೆ

ಪ್ರವಾಸ ಎಂಬ ಸರಕಿಗೆ ಒಂದು ತೊಡಕಿದೆ. ಕೊಂಡು ನೋಡುವವರೆಗೆ ಅದರ ಗುಣ ಗೊತ್ತಾಗುವುದಿಲ್ಲ, ನೋಡಿದ ಮೇಲೆ ಎರಡನೆಯ ಸಲ ಬರುವವರು ಕಡಿಮೆ. ಸಾವಿರಾರು ಕಿಲೋಮೀಟರ್ ದೂರದ ಗ್ವಾಂಗ್‌ಝೌನಲ್ಲಿ ಕೂತು ಶಾನ್‌ಶೀ ಪ್ರವಾಸ ಯೋಚಿಸುವ ಕುಟುಂಬಕ್ಕೆ ಹತ್ತಾರು ವಾಡೆಗಳಲ್ಲಿ ಯಾವುದು ಚೆನ್ನ ಎಂದು ತಿಳಿಯುವುದು ಹೇಗೆ? ಸರ್ಕಾರದ ದರ್ಜೆ ಈ ಜಾಗದಲ್ಲಿ ಕೆಲಸಕ್ಕೆ ಬರುತ್ತದೆ. ಟೂರ್ ಕಂಪನಿಗಳು ಪ್ಯಾಕೇಜ್ ಕಟ್ಟುವಾಗ 5ಎ ತಾಣಗಳನ್ನು ಮೊದಲು ಪೋಣಿಸುತ್ತವೆ. ಜಾಹೀರಾತಿನಲ್ಲಿ ತಾಣದ ಹೆಸರಿನ ಪಕ್ಕ ಐದು ಎ ಕಾಣುತ್ತದೆ. ಅನೇಕ ಪ್ರಾಂತ್ಯ ಮತ್ತು ನಗರ ಸರ್ಕಾರಗಳು 5ಎ ತಂದುಕೊಟ್ಟ ತಾಣಕ್ಕೆ ಬಹುಮಾನದ ಹಣ ಕೊಡುತ್ತವೆ. ಅಧಿಕಾರಿಗಳ ಸಾಧನೆಯ ಪಟ್ಟಿಯಲ್ಲೂ ಅದು ಸೇರುತ್ತದೆ.

ಚಿಯಾವ್ ವಾಡೆಗೆ 5ಎ ಬಂದದ್ದು 2014ರಲ್ಲಿ. ಅದೇ ವರ್ಷದ ಜುಲೈಯಲ್ಲಿ ಶಾನ್‌ಶೀಯ ರಾಜಧಾನಿ ತೈಯುವಾನ್‌ನಿಂದ ಶಿಆನ್‌ಗೆ ಹೈಸ್ಪೀಡ್ ರೈಲು ಓಡಲಾರಂಭಿಸಿತು, ಚೀ ಕೌಂಟಿಗೂ ಒಂದು ನಿಲ್ದಾಣ ಸಿಕ್ಕಿತು. ಇದನ್ನು ಇಲ್ಲಿ ಒತ್ತಿ ಹೇಳಲು ಕಾರಣವಿದೆ. ದರ್ಜೆಯ ಪರಿಣಾಮವನ್ನು ತೋರಿಸಲು ಸಾಮಾನ್ಯವಾಗಿ ‘ಮೊದಲು ಇಷ್ಟು ಜನ, ನಂತರ ಇಷ್ಟು ಜನ’ ಎಂಬ ಎರಡು ಸಂಖ್ಯೆಗಳನ್ನು ಅಕ್ಕಪಕ್ಕ ಇಡುತ್ತಾರೆ. ಆದರೆ ರೈಲು ತಂದ ಪ್ರವಾಸಿ ಯಾರು, ಫಲಕ ತಂದ ಪ್ರವಾಸಿ ಯಾರು ಎಂದು ಟಿಕೆಟ್ ಕೌಂಟರಿನಲ್ಲಿ ಬೇರ್ಪಡಿಸಲು ಬರುವುದಿಲ್ಲ. ಧಾರಾವಾಹಿಯ ನೆನಪಿನಿಂದ ಬಂದವರು ಬೇರೆ. ಚೀನಾದ ಮಧ್ಯಮ ವರ್ಗ ಆ ವರ್ಷಗಳಲ್ಲಿ ಕಾರು ಕೊಂಡು ಊರೂರು ತಿರುಗಲು ಶುರುಮಾಡಿದ್ದು ಬೇರೆ. ದರ್ಜೆ ಕೇಳುವ ಊರು ಈಗಾಗಲೇ ರಸ್ತೆ, ರೈಲು, ಹೂಡಿಕೆಗಳಿಂದ ಏರುತ್ತಿರುವ ಊರೇ ಆಗಿರುತ್ತದೆ. ಏರಿಕೆಯೆಲ್ಲವನ್ನೂ ಫಲಕದ ಖಾತೆಗೆ ಜಮೆ ಮಾಡಿದ ವರದಿಗಳನ್ನು ನಂಬುವಾಗ ಎಚ್ಚರ ಬೇಕು.

ಭೂಗೋಳದ ಒಂದು ಸಂಗತಿಯನ್ನೂ ಸೇರಿಸಬೇಕು. ವಾಡೆಯಿಂದ ಸ್ವಲ್ಪ ದೂರದಲ್ಲೇ ಪಿಂಗ್‌ಯಾವ್ ಇದೆ. ಕೋಟೆಗೋಡೆ ಸಮೇತ ಉಳಿದಿರುವ ಈ ಹಳೆಯ ಪಟ್ಟಣ 1997ರಿಂದ ವಿಶ್ವ ಪರಂಪರೆಯ ತಾಣ. ಆಚೆಗೆ ಮಿಯೆನ್‌ಶಾನ್ ಬೆಟ್ಟ. ಮೂರೂ ಜಿನ್‌ಜೋಂಗ್ ನಗರಾಡಳಿತದ ವ್ಯಾಪ್ತಿಯಲ್ಲಿವೆ. 2015ರ ಹೊತ್ತಿಗೆ ಮೂರಕ್ಕೂ 5ಎ ಬಂದಿತ್ತು. ಹೊರಗಿನಿಂದ ನೋಡಿದರೆ ಒಂದು ಪ್ರದೇಶಕ್ಕೆ ಇದಕ್ಕಿಂತ ಭಾಗ್ಯ ಬೇಕೆ? ಆದರೆ ರಾತ್ರಿ ಉಳಿಯಲು ಪ್ರವಾಸಿ ಆರಿಸುವುದು ಪಿಂಗ್‌ಯಾವ್. ಅಲ್ಲಿ ಕೆಂಪು ಲಾಂದ್ರಗಳ ಬೀದಿಗಳಿವೆ, ಹಳೆಯ ಮನೆಗಳೇ ವಸತಿಗೃಹಗಳಾಗಿವೆ. ಚಿಯಾವ್ ವಾಡೆ ತೈಯುವಾನ್‌ನಿಂದ ಪಿಂಗ್‌ಯಾವ್‌ಗೆ ಹೋಗುವ ಬಸ್ಸು ಎರಡು ಗಂಟೆ ನಿಲ್ಲುವ ಜಾಗ. ಎರಡು ಗಂಟೆಯ ಪ್ರವಾಸಿಯಿಂದ ಊರು ದುಡಿಯುವುದು ಹೇಗೆ? ಬಾಗಿಲಲ್ಲಿ ಟಿಕೆಟ್, ಹೊರಹೋಗುವಾಗ ಅಂಗಡಿ. ಬೇರೆ ದಾರಿ ಇಲ್ಲ. ವಾಡೆ ಆಮೇಲೆ ಹಿಡಿದ ಹಾದಿಗೆ ಆಡಳಿತದ ದುರಾಸೆಯೊಂದೇ ಕಾರಣವಲ್ಲ; ಅದಕ್ಕೆ ಸಿಕ್ಕ ಜಾಗವೇ ಅಂಥದ್ದು.

ಟಿಕೆಟ್ ಏರಿತು. ಹಿಂದೆ ಕೆಲವೇ ಹತ್ತು ಯುವಾನ್ ಇದ್ದದ್ದು 138 ಯುವಾನ್‌ಗೆ ಮುಟ್ಟಿತು. ಆಗಿನ ಲೆಕ್ಕದಲ್ಲಿ ಸುಮಾರು 1,400 ರೂಪಾಯಿ. ಬೀಜಿಂಗ್‌ನ ಅರಮನೆ ನಗರಿಗೆ ಪ್ರವಾಸದ ಋತುವಿನಲ್ಲೂ 60 ಯುವಾನ್ ಇತ್ತು ಎಂಬುದನ್ನು ಪಕ್ಕದಲ್ಲಿಟ್ಟು ನೋಡಬೇಕು. ಮಿಂಗ್, ಚಿಂಗ್ ಚಕ್ರವರ್ತಿಗಳ ಅರಮನೆಗಿಂತ ಒಬ್ಬ ಸಾಹುಕಾರನ ಮನೆ ನೋಡಲು ಎರಡು ಪಟ್ಟಿಗೂ ಹೆಚ್ಚು ಹಣ.

ಟಿಕೆಟ್ ಬೆಲೆ ಇಷ್ಟಬಂದಂತೆ ಏರಬಾರದೆಂದು ಚೀನಾ ಸರ್ಕಾರ 2007ರಲ್ಲೇ ಕಟ್ಟುಪಾಡು ತಂದಿತ್ತು. ಒಂದು ಏರಿಕೆಗೂ ಇನ್ನೊಂದಕ್ಕೂ ನಡುವೆ ಕನಿಷ್ಠ ಮೂರು ವರ್ಷ ಇರಬೇಕು. 100ರಿಂದ 200 ಯುವಾನ್ ಒಳಗಿನ ಟಿಕೆಟ್ಟನ್ನು ಒಂದು ಸಲಕ್ಕೆ ಶೇ 25ಕ್ಕಿಂತ ಹೆಚ್ಚು ಏರಿಸಬಾರದು. 2018ರಲ್ಲಿ ಸರ್ಕಾರಿ ಒಡೆತನದ ಪ್ರಮುಖ ತಾಣಗಳ ಬೆಲೆ ಇಳಿಸಬೇಕೆಂಬ ಸೂಚನೆಯೂ ಬಂತು. ಆದರೂ ತಾಣವನ್ನು ವಿಸ್ತರಿಸಿ, ಹೊಸ ಭಾಗಗಳನ್ನು ಸೇರಿಸಿ, ಒಟ್ಟು ಟಿಕೆಟ್ ಮಾಡಿ ಬೆಲೆ ಏರಿಸಲು ದಾರಿ ಇತ್ತು, ದೇಶದ ಅನೇಕ ಕಡೆ ಅದು ನಡೆಯಿತು. ಸಾಲ ಮಾಡಿ ವಿಸ್ತರಿಸಿದ ಮೇಲೆ ಆ ಸಾಲವನ್ನು ಟಿಕೆಟ್ಟಿನಿಂದಲೇ ತೀರಿಸಬೇಕು. ಚೀನಾದ ಪತ್ರಿಕೆಗಳು ಇದನ್ನು ‘ಟಿಕೆಟ್ ಆರ್ಥಿಕತೆ’ ಎಂದೇ ಕರೆಯುತ್ತವೆ.

ಇದಕ್ಕೆ ತದ್ವಿರುದ್ಧವಾದ ದಾರಿಯನ್ನು ಹಾಂಗ್‌ಝೌ ನಗರ ತುಳಿದಿತ್ತು. ಅಲ್ಲಿನ ಪಶ್ಚಿಮ ಸರೋವರದ ಉದ್ಯಾನಗಳನ್ನು 2002ರಿಂದ ಉಚಿತವಾಗಿ ತೆರೆದರು. ಬಂದವರು ಊರಲ್ಲಿ ಉಳಿದರು, ಉಂಡರು, ಚಹಾ ಕೊಂಡರು. ಟಿಕೆಟ್ಟಿನಲ್ಲಿ ಹೋದದ್ದು ಊರಿನ ವ್ಯಾಪಾರದಲ್ಲಿ ಬಂತು. 2007ರ ಮೊದಲ ಪಟ್ಟಿಯಲ್ಲೇ ಸರೋವರಕ್ಕೆ 5ಎ ಸಿಕ್ಕಿತು. ಆದರೆ ಹಾಂಗ್‌ಝೌ ಸಿರಿವಂತ ಮಹಾನಗರ, ಅದರ ಬೊಕ್ಕಸಕ್ಕೆ ಟಿಕೆಟ್ ಹಣ ದೊಡ್ಡದಲ್ಲ. ಚೀ ಕೌಂಟಿಗೆ ಆ ಧೈರ್ಯ ಸುಲಭವಲ್ಲ. ಒಂದೇ ದರ್ಜೆ ಸಿರಿವಂತ ನಗರದಲ್ಲಿ ಒಂದು ಫಲ, ಸಣ್ಣ ಕೌಂಟಿಯಲ್ಲಿ ಇನ್ನೊಂದು ಫಲ ಕೊಡುವುದು ಹೀಗೆ.

ಕುಸಿತ

ಸಚಿವಾಲಯ ಪಟ್ಟಿ ಮಾಡಿದ ದೋಷಗಳು ಐದು ಬಗೆಯವು. ನೋಡಲು ಸಿಗುವುದರಲ್ಲಿ ವೈವಿಧ್ಯವಿಲ್ಲ, ವ್ಯಾಪಾರ ಮಿತಿಮೀರಿದೆ, ಸಂಚಾರ ಮತ್ತು ವೀಕ್ಷಣೆಯ ವ್ಯವಸ್ಥೆಯಲ್ಲಿ ಕೊರತೆ, ಸುರಕ್ಷತೆ, ನೈರ್ಮಲ್ಯಕ್ಕೆ ಖರ್ಚು ಸಾಲದು, ಒಟ್ಟಾರೆ ನಿರ್ವಹಣೆ ಸಡಿಲ.

ಎರಡನೆಯ ದೋಷವೇ ಜನರ ನಾಲಿಗೆಯ ಮೇಲೆ ಉಳಿದದ್ದು. ವಾಡೆಯ ಅಂಗಳಗಳಿಗಿಂತ ಹೊರಬರುವ ದಾರಿಯ ಅಂಗಡಿಗಳೇ ಹೆಚ್ಚು ನೆನಪಿರುತ್ತವೆ ಎಂದು ಪ್ರವಾಸಿಗರು ದೂರುತ್ತಿದ್ದರು. ಶಾನ್‌ಶೀಯ ಹಳೆಯ ವಿನೆಗರ್, ಪಿಂಗ್‌ಯಾವ್‌ನ ದನದ ಮಾಂಸದ ಪೊಟ್ಟಣಗಳಂಥ ಸ್ಥಳೀಯ ಸರಕಿನ ಜತೆಗೆ ಚೀನಾದ ಯಾವ ಊರಿನಲ್ಲೂ ಸಿಗುವ ಆಟಿಕೆ, ತಿಂಡಿಗಳ ಸಾಲು.

ಇಷ್ಟು ಪೆಟ್ಟು ತಿನ್ನುವ ಸೂಚನೆ ಮೊದಲೇ ಇರಲಿಲ್ಲವೇ? ಇತ್ತು. ಮಹಾಗೋಡೆ ಸಮುದ್ರ ಮುಟ್ಟುವ ಕಡೆ ಇರುವ ಶಾನ್‌ಹಾಯ್‌ಗ್ವಾನ್ 2015ರ ಅಕ್ಟೋಬರ್‌ನಲ್ಲಿ 5ಎ ಕಳೆದುಕೊಂಡ ಮೊದಲ ತಾಣವಾಯಿತು; ಮರಳಿ ಪಡೆದದ್ದು 2018ರಲ್ಲಿ. ಚಾಂಗ್‌ಶಾ ನಗರದ ಕಿತ್ತಳೆ ದ್ವೀಪ 2016ರಲ್ಲಿ ಕಳೆದುಕೊಂಡು 2017ರಲ್ಲಿ ಮರಳಿ ಪಡೆಯಿತು. ಯುನ್ನಾನ್‌ನ ಲಿಜಿಯಾಂಗ್ ಹಳೇ ಪಟ್ಟಣಕ್ಕೆ 2017ರಲ್ಲಿ ಕಟುವಾದ ಎಚ್ಚರಿಕೆ ಬಂತು. ಇಷ್ಟನ್ನು ಕಂಡೂ ಚೀ ಕೌಂಟಿ ಎಚ್ಚೆತ್ತುಕೊಳ್ಳಲಿಲ್ಲ. ಇದಕ್ಕೆ ನನಗೆ ಕಾಣುವ ವಿವರಣೆ ಇಷ್ಟು: ದರ್ಜೆ ಬಂದ ಮೇಲೆ ಅದರ ಫಲ ಪ್ರತಿದಿನ ಕೈಗೆ ಸಿಗುತ್ತದೆ, ಅದನ್ನು ಉಳಿಸಿಕೊಳ್ಳುವ ಖರ್ಚಿನ ಫಲ ಕಣ್ಣಿಗೆ ಬೀಳುವುದಿಲ್ಲ. ಅಂಗಡಿಯವನಿಗೆ ಇನ್ನೊಂದು ಮೇಜು ಹೊರಗೆ ಹಾಕಿದರೆ ಇವತ್ತೇ ಲಾಭ. ನಿರ್ವಾಹಕರಿಗೆ ಇನ್ನೊಂದು ಮಳಿಗೆ ಬಾಡಿಗೆಗೆ ಕೊಟ್ಟರೆ ಈ ತಿಂಗಳೇ ಲಾಭ. ಅಧಿಕಾರಿಗೆ ವರ್ಷದ ಕೊನೆಯಲ್ಲಿ ಸಂಖ್ಯೆ ಏರಿದ್ದರೆ ಸಾಕು. ದರ್ಜೆಯ ಹೆಸರು ಇವರೆಲ್ಲರ ಪಾಲಿಗೆ ಊರ ಗೋಮಾಳ. ಮೇಯಿಸುವವರು ಎಲ್ಲರೂ, ಬೇಲಿ ಹಾಕುವವರು ಯಾರೂ ಇಲ್ಲ.

ಪ್ರಕಟಣೆಯ ನಂತರ ಕೆಲಸ ಚುರುಕಾಯಿತು. ಬಾಗಿಲು ಮುಚ್ಚಿದರು, ದಾರಿಗೆ ಚಾಚಿದ್ದ ಅಂಗಡಿಗಳನ್ನು ತೆರವು ಮಾಡಿದರು, ಒಳಗಿನ ಪ್ರದರ್ಶನಗಳನ್ನು ತಿದ್ದಿದರು, ಟಿಕೆಟ್ ಬೆಲೆಯನ್ನು ಇಳಿಸಿದರು. ವರ್ಷಗಳಿಂದ ದೂರುಗಳು ಮಾಡಲಾರದ್ದನ್ನು ಒಂದು ಪ್ರಕಟಣೆ ವಾರಗಳಲ್ಲಿ ಮಾಡಿಸಿತು. ಎಚ್ಚರಿಕೆ ಪಡೆದ ಆರು ತಾಣಗಳೂ, ಸುದ್ದಿ ಓದಿದ ಉಳಿದ ತಾಣಗಳೂ ತಮ್ಮ ಅಂಗಳವನ್ನು ಒಮ್ಮೆ ನೋಡಿಕೊಂಡಿರಬೇಕು. ಸರ್ಕಾರ ಕೊಡುವ ದರ್ಜೆಯಲ್ಲಿ ನನಗೆ ಅತ್ಯಂತ ಬೆಲೆಬಾಳುವುದಾಗಿ ಕಾಣುವುದು ಈ ಶಕ್ತಿಯೇ. ಹಿಂದಕ್ಕೆ ಪಡೆಯುವ ಎದೆಗಾರಿಕೆ ಇಲ್ಲದ ದರ್ಜೆಗಳನ್ನು ನಾವು ಬೇಕಾದಷ್ಟು ಕಂಡಿದ್ದೇವೆ.

ಆದರೆ ಈ ಶಿಕ್ಷೆಯ ಹೊರೆ ಯಾರ ಮೇಲೆ ಬಿತ್ತು ಎಂಬ ಪ್ರಶ್ನೆ ಹಾಗೇ ಉಳಿಯುತ್ತದೆ. ರಜೆಯ ದಿನಗಳಲ್ಲಿ ಬಾಗಿಲು ಮುಚ್ಚಿದಾಗ ನಿರ್ವಹಣಾ ಸಂಸ್ಥೆಗೆ ಟಿಕೆಟ್ ಹಣ ತಪ್ಪಿತು, ನಿಜ. ಜತೆಗೆ ಬಾಗಿಲ ಹೊರಗೆ ನೂಡಲ್ಸ್ ಮಾರುವವರಿಗೂ, ಬಸ್ಸಿನವರಿಗೂ, ಗೈಡುಗಳಿಗೂ ದುಡಿಮೆ ನಿಂತಿತು. ಮಳಿಗೆಗಳಿಗೆ ಅನುಮತಿ ಕೊಟ್ಟವರು, ಬಾಡಿಗೆ ಪಡೆದವರು ಒಬ್ಬರು. ತೆರವಿನ ದಿನ ಸಾಮಾನು ಹೊತ್ತವರು ಇನ್ನೊಬ್ಬರು. ಅಂಕಪಟ್ಟಿಯಲ್ಲಿ ಹಳ್ಳಿಯ ವರಮಾನಕ್ಕೆ ಜಾಗವೇ ಇಲ್ಲದಿದ್ದಾಗ ಹಳ್ಳಿಯ ನಷ್ಟಕ್ಕೂ ಜಾಗವಿರುವುದಿಲ್ಲ.

ದರ್ಜೆ ಹೋದದ್ದರಿಂದ ಪ್ರವಾಸಿಗರು ಎಷ್ಟು ಕಡಿಮೆಯಾದರು ಎಂದು ತೂಗಿ ನೋಡಲು ಕಾಲ ಸಿಗಲಿಲ್ಲ. ಆರು ತಿಂಗಳಲ್ಲೇ, 2020ರ ಜನವರಿಯಲ್ಲಿ, ಕೋವಿಡ್‌ನಿಂದ ಚೀನಾದ ಪ್ರವಾಸಿ ತಾಣಗಳೆಲ್ಲ ಮುಚ್ಚಿದವು. 2021ರ ಡಿಸೆಂಬರ್‌ನಲ್ಲಿ 5ಎ ಮರಳಿದಾಗಲೂ ಗಡಿಗಳು ಮುಚ್ಚಿದ್ದವು, ವಿದೇಶಿ ಪ್ರವಾಸಿಗರೇ ಇರಲಿಲ್ಲ. ಆದ್ದರಿಂದ ಈ ಪ್ರಕರಣ ‘ದರ್ಜೆ ಹೋದರೆ ಶೇಕಡಾ ಇಷ್ಟು ನಷ್ಟ’ ಎಂಬ ಉತ್ತರ ಕೊಡಲಾರದು. ದರ್ಜೆ ಯಾರ ನಡವಳಿಕೆಯನ್ನು ಹೇಗೆ ಬದಲಿಸುತ್ತದೆ ಎಂಬುದನ್ನು ಮಾತ್ರ ಬಹಳ ಚೆನ್ನಾಗಿ ತೋರಿಸುತ್ತದೆ.

ಹಂಪಿ, ಪಡುಬಿದ್ರಿ, ಕಾಸರಕೋಡು

ಕನ್ನಡಿಗರಿಗೆ ಈ ಕಥೆ ಹೊಸದಲ್ಲ. ತುಂಗಭದ್ರೆಯ ಮೇಲೆ ಸೇತುವೆ ಕಟ್ಟುವ ಕೆಲಸದಿಂದಾಗಿ 1999ರಲ್ಲಿ ಹಂಪಿಯನ್ನು ಯುನೆಸ್ಕೊ ಅಪಾಯದಲ್ಲಿರುವ ಪರಂಪರೆಯ ಪಟ್ಟಿಗೆ ಸೇರಿಸಿತು, 2006ರಲ್ಲಿ ತೆಗೆಯಿತು. ಆ ಏಳು ವರ್ಷ ಮಾನ್ಯತೆ ಕೈತಪ್ಪೀತೆಂಬ ಭಯವೇ ಆಡಳಿತವನ್ನು ನಡೆಸಿತು. ಹಂಪಿಗೆಂದೇ ಪ್ರತ್ಯೇಕ ಪ್ರಾಧಿಕಾರ ಬಂತು, ನಿರ್ವಹಣಾ ಯೋಜನೆ ಬಂತು. ಮುಂದೆ 2011ರ ಜುಲೈಯಲ್ಲಿ ವಿರೂಪಾಕ್ಷ ಗುಡಿಯ ಎದುರಿನ ಬಜಾರಿನ ಸಾಲುಮಂಟಪಗಳಲ್ಲಿ ಮನೆ, ಅಂಗಡಿ ಮಾಡಿಕೊಂಡಿದ್ದ ಕುಟುಂಬಗಳನ್ನು ತೆರವುಗೊಳಿಸಿದರು. ಪುನರ್ವಸತಿಗೆ ಕಡ್ಡಿರಾಂಪುರದ ಜಾಗ ತೋರಿಸಿದರು. ಸ್ಮಾರಕದ ದೃಷ್ಟಿಯಿಂದ ತೆರವಿಗೆ ಕಾರಣಗಳಿದ್ದವು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಹಂಪಿಯ ಪ್ರವಾಸೋದ್ಯಮವನ್ನು ದಶಕಗಳ ಕಾಲ ಕೈಯಾರೆ ನಡೆಸಿದವರು ಅದೇ ಬಜಾರಿನ ಜನ. ಪರದೇಶದವರಿಗೆ ಕೋಣೆ ಕೊಟ್ಟವರು, ಸೈಕಲ್ ಬಾಡಿಗೆಗೆ ಕೊಟ್ಟವರು, ಇಡ್ಲಿ ಬೇಯಿಸಿದವರು. ಚೀ ಕೌಂಟಿಯ ಅಂಗಡಿಗಳ ತೆರವಿನ ಸುದ್ದಿ ಓದುವಾಗ ನನಗೆ ಕಾಡಿದ್ದು ಆ ಬಜಾರು.

ಈಗ ಕರಾವಳಿಗೆ ಬರೋಣ. 2020ರ ಅಕ್ಟೋಬರ್‌ನಲ್ಲಿ ಭಾರತದ ಎಂಟು ಕಡಲತೀರಗಳಿಗೆ ಬ್ಲೂ ಫ್ಲ್ಯಾಗ್ ಬಂತು. ಉಡುಪಿ ಜಿಲ್ಲೆಯ ಪಡುಬಿದ್ರಿ, ಹೊನ್ನಾವರದ ಕಾಸರಕೋಡು ಅವುಗಳಲ್ಲಿ ಎರಡು. ಕೊಡುವುದು ಡೆನ್ಮಾರ್ಕ್‌ನಲ್ಲಿ ನೆಲೆಯಿರುವ ಅಂತರರಾಷ್ಟ್ರೀಯ ಸಂಸ್ಥೆ. ಭಾರತದಲ್ಲಿ ಇದರ ಹಿಂದೆ ನಿಂತು ಕೆಲಸ ಮಾಡಿಸಿದ್ದು ಕೇಂದ್ರ ಪರಿಸರ ಸಚಿವಾಲಯ. ಮಾನದಂಡಗಳು 33, ನಾಲ್ಕು ಶೀರ್ಷಿಕೆಗಳಲ್ಲಿ: ಪರಿಸರ ಶಿಕ್ಷಣ ಮತ್ತು ಮಾಹಿತಿ, ಸ್ನಾನದ ನೀರಿನ ಗುಣಮಟ್ಟ, ಪರಿಸರ ನಿರ್ವಹಣೆ, ಸುರಕ್ಷತೆ ಮತ್ತು ಸೇವೆ. ಚೀನಾದ ಪದ್ಧತಿಗಿಂತ ಇದು ಒಂದು ವಿಷಯದಲ್ಲಿ ಮೇಲು. ಧ್ವಜ ಒಂದು ಅವಧಿಗೆ ಮಾತ್ರ, ಮತ್ತೆ ಮತ್ತೆ ಅರ್ಹತೆ ತೋರಿಸಬೇಕು. ಆಂಧ್ರದ ರುಷಿಕೊಂಡ ತೀರದ ಧ್ವಜವನ್ನು 2025ರ ಆರಂಭದಲ್ಲಿ ತಾತ್ಕಾಲಿಕವಾಗಿ ಹಿಂದಕ್ಕೆ ಪಡೆದು, ಸರಿಪಡಿಸಿದ ಮೇಲೆ ಮರಳಿ ಕೊಟ್ಟದ್ದೂ ಉಂಟು.

ಇನ್ನೊಂದು ವಿಷಯದಲ್ಲಿ ಎರಡೂ ಒಂದೇ. ಈ ನಾಲ್ಕು ಶೀರ್ಷಿಕೆಗಳಲ್ಲೂ ಊರಿನ ಆದಾಯದ ಶೀರ್ಷಿಕೆ ಇಲ್ಲ. ಧ್ವಜ ಹಾರುವುದು ಬೇಲಿ, ಗೇಟು, ಶುಲ್ಕ ಇರುವ ಒಂದು ತುಂಡು ತೀರಕ್ಕೆ. ದೋಣಿ ಎಳೆದು ನಿಲ್ಲಿಸುವ ಮೀನುಗಾರರು, ಬೊಂಡ ಕಡಿಯುವವರು, ಮೀನೂಟದ ಹೋಟೆಲಿನವರು ಗೇಟಿನ ಆಚೆ. ಪಡುಬಿದ್ರಿಗೂ ಚೀ ಕೌಂಟಿಗೂ ಇರುವ ಹೋಲಿಕೆಯನ್ನು ನಕಾಶೆಯೇ ಹೇಳುತ್ತದೆ. ಒಂದು ಕಡೆ ಉಡುಪಿ, ಮಲ್ಪೆ, ಇನ್ನೊಂದು ಕಡೆ ಮಂಗಳೂರು; ರಾತ್ರಿ ಉಳಿಯಲು ಪ್ರವಾಸಿಗೆ ಎರಡೂ ಕೈಗೆಟುಕುವ ದೂರ. ಇದೂ ಎರಡು ಗಂಟೆಯ ನಿಲುಗಡೆಯಾಗಿಬಿಡುವ ಸಾಧ್ಯತೆ ದೊಡ್ಡದು. ಹಾಗಾದರೆ ಊರಿನ ಪಾಲಿಗೆ ಉಳಿಯುವುದು ಪಾರ್ಕಿಂಗ್ ಚೀಟಿ ಮತ್ತು ಪ್ಲಾಸ್ಟಿಕ್ ಬಾಟಲಿ.

ಹೀಗಾಗಬಾರದೆಂದಿದ್ದರೆ ಚಿಯಾವ್ ವಾಡೆಯಲ್ಲಿ ಯಾರೂ ಇಡದ ಲೆಕ್ಕವನ್ನು ನಾವು ಇಡಲು ಶುರುಮಾಡಬೇಕು. ಗೇಟಿನಲ್ಲಿ ಎಣಿಸುವ ತಲೆಗಳ ಜತೆಗೆ, ಗ್ರಾಮ ಪಂಚಾಯಿತಿಯ ವ್ಯಾಪ್ತಿಯಲ್ಲಿ ರಾತ್ರಿ ಉಳಿದವರು ಎಷ್ಟು ಎಂದು ಹೋಂಸ್ಟೇಗಳಿಂದ ತಿಂಗಳಿಗೊಮ್ಮೆ ಸಂಖ್ಯೆ ಪಡೆಯಬೇಕು. ಶುಲ್ಕದ ಹಣದಲ್ಲಿ ಪಂಚಾಯಿತಿಗೆ ಎಷ್ಟು, ಜೀವರಕ್ಷಕರ ಸಂಬಳಕ್ಕೆ ಎಷ್ಟು, ನಿರ್ವಹಿಸುವ ಸಂಸ್ಥೆಗೆ ಎಷ್ಟು ಎಂದು ಫಲಕದ ಪಕ್ಕದಲ್ಲೇ ಬರೆದು ಹಾಕಬೇಕು. ಮಳಿಗೆಗಳ ಸಂಖ್ಯೆಯನ್ನು ಪ್ರವಾಸಿಗರು ಹೆಚ್ಚುವ ಮುಂಚೆಯೇ ನಿಗದಿ ಮಾಡಿ, ಅವು ಊರವರಿಗೇ ಸಿಗುವಂತೆ ನೋಡಿಕೊಳ್ಳಬೇಕು, ಏಕೆಂದರೆ ಹೆಚ್ಚಿದ ಮೇಲೆ ಉಳಿಯುವ ದಾರಿ ತೆರವೊಂದೇ. ಧ್ವಜ ಇಳಿಸಬೇಕಾಗಿ ಬಂದರೆ ದುಡಿಮೆ ತಪ್ಪುವವರು ಯಾರು, ಅವರಿಗೆ ಆ ದಿನಗಳಲ್ಲಿ ಏನು ಕೊಡಬೇಕು ಎಂಬುದೂ ಧ್ವಜ ಹಾರುತ್ತಿರುವಾಗಲೇ ಬರಹದಲ್ಲಿರಬೇಕು. ಸದ್ಯ ಪಡುಬಿದ್ರಿಯಲ್ಲೂ ಕಾಸರಕೋಡಿನಲ್ಲೂ ಇದನ್ನೆಲ್ಲ ಮಾಡಲು ಸಮಯವಿದೆ.